ಗೂಬೆ ಬಂಗಲೆಯ ಆಪಾ

ಬಾಗಿಲು ದಾಟುವಾಗ ಆಪಾ ಅದರ ಚೌಕಟ್ಟನ್ನು ಒಮ್ಮೆ ಮುಟ್ಟುತ್ತಿದ್ದರು. ಮಗುವಿನ ಕೆನ್ನೆ ಸವರುವಂತೆ, ಬೆರಳುಗಳ ಹಿಂಬದಿಯಿಂದ. ಮೊದಲ ಸಲ ನೋಡಿದಾಗ ಅದು ಅವರ ಮನೆಯ ಪದ್ಧತಿಯಿರಬೇಕು ಅಂದುಕೊಂಡಿದ್ದೆ, ನಾವು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೆ. ಕೇಳಿದ್ದಕ್ಕೆ ನಕ್ಕುಬಿಟ್ಟರು.

"ಪದ್ಧತಿ ಗಿದ್ಧತಿ ಏನಿಲ್ಲಮ್ಮ. ನಾನು ಬಂದೆ ಅಂತ ಬಾಗ್ಲಿಗೆ ಹೇಳ್ತೀನಿ. ನೀನು ಎಲ್ಲಿದೀಯ ಅಂತ ಅದು ನಂಗೆ ಹೇಳುತ್ತೆ."

ಆಪಾ ತೀರಿಕೊಂಡು ಎರಡು ತಿಂಗಳಾಗುತ್ತ ಬಂತು. ಬೆಳಗಿನ ನಮಾಜು ಮುಗಿಸಿ ಸ್ವಲ್ಪ ಹೊತ್ತು ಒರಗಿಕೊಳ್ಳುತ್ತೇನೆಂದು ಮಲಗಿದವರು ಏಳಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಂಗಲೆಯ ಬಗ್ಗೆ ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದಾಗಲೂ "ಮನೇದು ಬರೀರಿ, ನಂದು ಬೇಡ" ಎಂದು ಒಳಗೆ ಹೋಗಿ ಕೂತಿದ್ದವರು. ಆಪಾ ಅಂದರೆ ಅಕ್ಕ. ನಮ್ಮ ಬೀದಿಯ ಹೆಂಗಸರೆಲ್ಲರಿಗೂ, ಅವರಿಗಿಂತ ಹಿರಿಯರಾದ ಡೈರಿ ರತ್ನಮ್ಮನವರಿಗೂ ಅವರು ಆಪಾನೇ. ಅಷ್ಟು ಸಾಕು.

ಹೊಸಕೋಟೆಯಿಂದ ಸಮೇತನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ನಮ್ಮ ಲೇಔಟ್ ಶುರುವಾಗುವ ಮೊದಲು, ಎರಡು ಹುಣಸೆ ಮರಗಳ ಹಿಂದೆ ಆ ಬಂಗಲೆ ಇದೆ. ನಾನು ಮದುವೆಯಾಗಿ ಈ ಕಡೆ ಬಂದಾಗ ಅದಕ್ಕೆ ಗೂಬೆ ಬಂಗಲೆ ಅಂತಲೇ ಹೆಸರು. ಯಾರೋ ದೊರೆ ಕಟ್ಟಿಸಿದ್ದು ಎಂದು ಕೆಲವರು, ದೊರೆಗಳಿಗೆ ಕುದುರೆ ಒದಗಿಸುತ್ತಿದ್ದವರು ಕಟ್ಟಿಸಿದ್ದು ಎಂದು ಕೆಲವರು ಹೇಳುತ್ತಿದ್ದರು. ಕಿಟಕಿಗಳ ಮೇಲೆ ಟೋಪಿ ಇಟ್ಟಂತೆ ಮುಂದಕ್ಕೆ ಚಾಚಿದ ಮರದ ಮಾಡು, ಬೆಂಗಳೂರಿನ ಹಳೆಯ ಮನೆಗಳಲ್ಲಿ ಮಂಕಿಟಾಪ್ ಅನ್ನುತ್ತಾರಲ್ಲ, ಅದು. ಮುಂಬಾಗಿಲಿನ ಮೇಲೆ ಬೀಸಣಿಗೆಯ ಆಕಾರದಲ್ಲಿ ಬಣ್ಣದ ಗಾಜು. ಒಳಗೆ ಏನಿದೆಯೆಂದು ಇಣುಕಿದವರು ಕಡಿಮೆ. ಬೀಗದ ಮೇಲೆ ಬಳ್ಳಿ ಹಬ್ಬಿತ್ತು.

ಆಪಾರ ಯಜಮಾನರದು ಹಳೇ ಮರದ ವ್ಯಾಪಾರ. ಬೆಂಗಳೂರಿನಲ್ಲಿ ಹಳೆಯ ಮನೆ ಕೆಡವುವವರು ಮೊದಲು ಕರೆಸುತ್ತಿದ್ದುದು ಅವರನ್ನು. ತೊಲೆ, ಕಂಬ, ಬಾಗಿಲು, ಕಿಟಕಿ, ಹಿತ್ತಾಳೆ ಚಿಲಕ ಎಲ್ಲವನ್ನೂ ಬಿಡಿಸಿಕೊಂಡು ಬಂದು ಹೊಸಕೋಟೆಯ ತಮ್ಮ ಗೋಡೌನಿನಲ್ಲಿ ಪೇರಿಸಿ ಮಾರುತ್ತಿದ್ದರು. ಗೂಬೆ ಬಂಗಲೆಯನ್ನು ಕೊಂಡಿದ್ದೂ ಅದರ ತೇಗದ ಮರಕ್ಕಾಗಿಯೇ. ಕೆಡವುವ ಮೊದಲು ಹೆಂಡತಿಗೊಮ್ಮೆ ತೋರಿಸೋಣ ಎಂದು ಒಂದು ಬೆಳಿಗ್ಗೆ ಕರೆದುಕೊಂಡು ಬಂದರಂತೆ. ಅದೇ ಅವರು ಮಾಡಿದ ತಪ್ಪು ಎಂದು ಆಪಾ ಹೇಳುತ್ತಿದ್ದರು.

"ಬಾಗ್ಲು ತೆಗೆದ್ರು. ಒಳಗೆ ಹೋಗಿ ತಿರುಗಿ ನಿಂತ್ಕೊಂಡೆ. ಬಿಸ್ಲು ಆ ಗಾಜಿಂದ ಇಳ್ದು ನನ್ ಸೀರೆ ಮೇಲೆಲ್ಲಾ ಬಣ್ಣ ಚೆಲ್ತು. ಇವ್ರು ತೊಲೆ ಎಣಿಸ್ತಾ ಇದ್ರು. ನಾನಂದೆ, ರೀ, ಇದನ್ನ ಒಡೀಬೇಡಿ, ನಾವೇ ಇರೋಣ."

"ನಾನು ತಮಾಷೆಗೆ ಹೇಳ್ತಿದಾಳೆ ಅನ್ಕೊಂಡೆ," ಎಂದು ಸಾಹೇಬರು ಸೇರಿಸುತ್ತಿದ್ದರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು, ಆಪಾ ಕೂಡ, ಸ್ವಲ್ಪ ಕೀಟಲೆಯ ದನಿಯಲ್ಲಿ.

"ಜೀವ್ನ ಪೂರ್ತಿ ಒಡೆದಿದ್ದಾಯ್ತು, ಒಂದಾದ್ರೂ ಕಟ್ಟಿ ಅಂದೆ. ತಪ್ಪಾ ಹೇಳಮ್ಮಾ?"

ಆ ಬೆಳಿಗ್ಗೆ ಆಪಾ ಹಾಗೆ ಕೇಳಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು. ಕಣ್ಣಿನ ಹಿಂದಿನ ಪರದೆ ಸವೆಯುತ್ತ ಹೋಗುವ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ಕೆಲಸ ಬಿಟ್ಟಿದ್ದರು. ಮೊದಲು ಸಂಜೆಯಾದರೆ ಕಾಣದು, ಆಮೇಲೆ ಅಕ್ಕಪಕ್ಕದ್ದು ಕಾಣದು, ಕೊನೆಗೆ ಕೊಳವೆಯಲ್ಲಿ ನೋಡಿದಷ್ಟು ಉಳಿಯುತ್ತದೆ, ಅದೂ ಹೋಗುತ್ತದೆ. ಇದನ್ನು ಅವರು ಮುಚ್ಚಿಡಲಿಲ್ಲ. ನಾನು ಇದೇ ಬೀದಿಯಲ್ಲಿರುವವಳೆಂದು ಪರಿಚಯ ಹೇಳಿಕೊಂಡು ಮೊದಲ ಸಲ ಹೋದ ದಿನವೇ ಹೇಳಿಬಿಟ್ಟರು.

"ಗೂಬೆ ಬಂಗ್ಲೆಗೆ ಗೂಬೆನೇ ಬಂದಿದೆ ಅಂತ ಜನ ಅನ್ನಂಗಿಲ್ಲ. ಗೂಬೆಗೆ ರಾತ್ರಿ ಕಾಣುತ್ತೆ. ನಂದು ಸಂಜೆ ಆರಕ್ಕೇ ಅಂಗ್ಡಿ ಬಂದ್."

ಸಾರಿ ಅಂದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಾರಿ, ಥ್ಯಾಂಕ್ಯೂ ಎರಡೂ ಕೇಳುವ ಮೊದಲೇ ಬಾಯಿಗೆ ಬರುತ್ತವೆ. ಅಂದಿನಿಂದ ನಾನು ಅವರಿಗೆ 'ಕಾನ್ವೆಂಟಮ್ಮ'.

ಆಪಾರಿಗೆ ಇದ್ದದ್ದು ಒಂದೇ ಹಟ. ಕಣ್ಣು ಪೂರ್ತಿ ಹೋದ ಮೇಲೂ ತನ್ನ ಮನೆಯಲ್ಲಿ ತಾನು ಯಾರ ಕೈಯನ್ನೂ ಹಿಡಿದು ನಡೆಯಬಾರದು. ಅದಕ್ಕೆ ಕಣ್ಣಿರುವಾಗಲೇ ಮನೆ ಮುಗಿಯಬೇಕು, ಮುಗಿದ ಮನೆಯನ್ನು ಕಾಲಿಗೂ ಕೈಗೂ ಕಲಿಸಬೇಕು. ಸಾಹೇಬರು ಮನೆ ಸರಿಮಾಡಿಸುತ್ತಿದ್ದುದು ಹಳೆಯ ಚೆಂದ ಮರಳಲಿ ಎಂದು. ಆಪಾ ಮಾಡಿಸುತ್ತಿದ್ದುದು ಪಾಠ ಓದಿದಂತೆ. ಒಂದೇ ಗೋಡೆಯ ಮುಂದೆ ಇಬ್ಬರೂ ನಿಂತಿರುತ್ತಿದ್ದರು. ಅವರು ಕಣ್ಣು ಕಿರಿದು ಮಾಡಿ ಓರೆಕೋರೆ ನೋಡುತ್ತಿದ್ದರೆ, ಇವರು ಕಣ್ಣು ಮುಚ್ಚಿ ಅಂಗೈ ಆಡಿಸುತ್ತಿದ್ದರು.

ಗಾರೆಯ ಕೆಲಸ ಶುರುವಾದಾಗ ಬೀದಿಯೆಲ್ಲ ಆ ಮನೆಯದೇ ಮಾತು. ಹಳೆಯ ಗೋಡೆಗೆ ಸಿಮೆಂಟು ಹಿಡಿಯದು ಎಂದು ಸುಣ್ಣ, ಮರಳನ್ನು ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲದ ಜೊತೆ ಕೊಳೆಹಾಕಿ ಅರೆಸುತ್ತಿದ್ದರು. ಬೆಲ್ಲದ ವಾಸನೆಗೆ ಜೇನುನೊಣ, ಇರುವೆ ಎಲ್ಲ ಮೆರವಣಿಗೆ ಬಂದವು. ಹಾಲು ಹಾಕಿ ಹಿಂದಿರುಗುತ್ತಿದ್ದ ಡೈರಿ ರತ್ನಮ್ಮ ಗೇಟಿನಲ್ಲೇ ನಿಂತು ಕೂಗಿದರು.

"ಏನ್ ಆಪಾ, ಗೋಡೆಗೆ ಪಾಯ್ಸ ಕುಡಿಸ್ತಿದೀರಂತೆ?"

"ಬಾ ರತ್ನಮ್ಮ, ಗೋಡೆ ಕುಡ್ದು ಮಿಕ್ಕಿದ್ರೆ ನಿಂಗೂ ಒಂದ್ ಲೋಟ."

"ನಂಗೆ ಶುಗರ್ರು, ಗೋಡೆಗೇ ಇರ್ಲಿ ಬಿಡಿ."

ಆ ಗೋಡೆ ಒಣಗಿದ ಮೇಲೆ ಮುಟ್ಟಿದರೆ ಮೊಟ್ಟೆಯ ಸಿಪ್ಪೆಯ ಹಾಗಿತ್ತು, ತಣ್ಣಗೆ, ನುಣ್ಣಗೆ. ಆದರೆ ಊಟದ ಕೋಣೆಗೆ ತಿರುಗುವ ಮೂಲೆಯಲ್ಲಿ ಮಾತ್ರ ಒಂದು ಗೇಣಿನಷ್ಟು ಜಾಗ ತರಿತರಿಯಾಗಿ ಉಳಿಯಿತು. ಅದು ಕೆಲಸದವರ ಅಜಾಗರೂಕತೆ ಎಂದು ನಾನು ತಿಳಿದಿದ್ದೆ. ಅಲ್ಲ, ಆಪಾ ಹೇಳಿ ಬಿಡಿಸಿದ್ದು.

ಚಿಲಕ, ಹಿಡಿಗಳ ವಿಷಯದಲ್ಲಿ ಗಂಡ ಹೆಂಡತಿಗೆ ಒಂದು ವಾರ ಜಗಳ ನಡೆಯಿತು. ಬಂಗಲೆಯ ಅರ್ಧ ಬಾಗಿಲುಗಳಿಗೆ ಹಿಡಿಯೇ ಇರಲಿಲ್ಲ, ಯಾರೋ ಕಿತ್ತುಕೊಂಡು ಹೋಗಿದ್ದರು. ಸಾಹೇಬರು ಗೋಡೌನಿನಲ್ಲಿ ಹುಡುಕಿ ಒಂದೇ ನಮೂನೆಯ ಹಿತ್ತಾಳೆ ಹಿಡಿಗಳ ಜೋಡಿಗಳನ್ನು ಉಜ್ಜಿಸಿ ತಂದಿದ್ದರು. ಆಪಾ ಅವನ್ನೆಲ್ಲ ವಾಪಸು ಕಳಿಸಿ, ಒಂದೊಂದು ಬಾಗಿಲಿಗೆ ಒಂದೊಂದು ಬಗೆಯದು ಬೇಕೆಂದರು. ಮಲಗುವ ಕೋಣೆಗೆ ಪಿಂಗಾಣಿಯ ಗುಂಡು, ಅಡುಗೆಮನೆಗೆ ನುಲಿದ ಹಗ್ಗದಂಥ ಹಿತ್ತಾಳೆ, ಪುಸ್ತಕದ ಕೋಣೆಗೆ ಎಂಟು ಮೂಲೆಯ ಮರದ ಗುಬುಟು.

"ನೋಡಿದೋರು ಗುಜರಿ ಅಂಗ್ಡಿ ಅಂತಾರೆ," ಎಂದು ಸಾಹೇಬರು ಗೊಣಗಿದರು.

"ಅನ್ಲಿ. ನಾನು ಮುಟ್ಟಿ ನೋಡೋಳು."

ಎಲ್ಲಕ್ಕಿಂತ ಅವರಿಗೆ ಇಷ್ಟವಾಗಿದ್ದು ನೆಲ. ಹಳೆಯ ಕೆಂಪು ಗಾರೆ ನೆಲ, ಅಂಚಿನಲ್ಲಿ ಗಿಳಿಹಸಿರು ಪಟ್ಟಿ. ಕೆಂಪೂ ಹಸಿರೂ ಕೂಡುವಲ್ಲಿ, ಹಸಿ ಇರುವಾಗ ದಾರ ಒತ್ತಿ ತೆಗೆದ ಒಂದು ಸಣ್ಣ ಗೆರೆ. ಕಣ್ಣಿಗೆ ಅಷ್ಟಾಗಿ ಕಾಣದು, ಬರಿಗಾಲಿಗೆ ತಿಳಿಯುತ್ತದೆ. ಎಲ್ಲಿ ಆ ಗೆರೆ ಮುಚ್ಚಿಹೋಗಿತ್ತೋ ಅಲ್ಲೆಲ್ಲ ಬಿಡಿಸಿ ಸರಿಮಾಡಿಸಿದರು. ಅದು ಹಜಾರದಿಂದ ಹೊರಟು ಅಗ್ಗಿಷ್ಟಿಕೆಯನ್ನು ಬಳಸಿ, ಊಟದ ಕೋಣೆ ದಾಟಿ, ಅಡುಗೆಮನೆಯ ಹೊಸ್ತಿಲವರೆಗೆ ಎಲ್ಲೂ ಕಡಿಯದೆ ಹೋಗುತ್ತದೆ. ಆ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿದದ್ದನ್ನು ನಾನು ನೋಡಿಲ್ಲ. ಅಲ್ಲಿ ಒಂದು ಬೂದು ಬೆಕ್ಕು ಸಂಸಾರ ಹೂಡಿತ್ತು.

ಒಂದು ದಿನ ಆಪಾ ನನ್ನನ್ನು ಹಜಾರದಲ್ಲಿ ನಿಲ್ಲಿಸಿದರು.

"ಕಾನ್ವೆಂಟಮ್ಮ, ಚಪ್ಲಿ ಬಿಟ್ಟಿದೀಯ? ಕಣ್ಣು ಮುಚ್ಚು. ಅಡ್ಗೆಮನೆಗೆ ಹೋಗು."

ನಾನು ಹೆಜ್ಜೆ ಎಣಿಸುತ್ತ ಹೊರಟೆ. ಅಗ್ಗಿಷ್ಟಿಕೆಯ ಹತ್ತಿರ ಬೆಕ್ಕನ್ನು ತುಳಿದೆ, ಅದು ಕಿರುಚಿತು, ನಾನೂ ಕಿರುಚಿದೆ.

"ಎಣಿಸ್ಬೇಡ. ಎಣಿಸಿದ್ದು ಮಧ್ಯದಲ್ಲಿ ಯಾರಾದ್ರೂ ಮಾತಾಡ್ಸಿದ್ರೆ ಮರ್ತೋಗುತ್ತೆ. ಗೆರೆ ಮೇಲೆ ಹೆಬ್ಬೆಟ್ಟು ಇಡು, ಅದರ ಪಾಡಿಗೆ ಅದು ಕರ್ಕೊಂಡ್ ಹೋಗುತ್ತೆ."

ಅಂದು ನನ್ನಿಂದ ಆಗಲಿಲ್ಲ. ಬೆಕ್ಕು ಒಂದು ವಾರ ನನ್ನ ಹತ್ತಿರ ಬರಲಿಲ್ಲ.

ಮುಂಬಾಗಿಲಿನ ಮೇಲಿನ ಬಣ್ಣದ ಗಾಜುಗಳಲ್ಲಿ ಒಂದು ಒಡೆದಿತ್ತು. ಕೊನೆಗೆ ಉಳಿದ ಕೆಲಸ ಅದೊಂದೇ. ಅಷ್ಟು ಹೊತ್ತಿಗೆ ಆಪಾರ ನೋಟ ಬಹಳ ಕಿರಿದಾಗಿತ್ತು. ಎದುರು ಕೂತರೆ ನನ್ನ ಮುಖ ಕಾಣುತ್ತಿತ್ತು, ನನ್ನ ಕೈಯಲ್ಲಿನ ಲೋಟ ಕಾಣುತ್ತಿರಲಿಲ್ಲ. ಸಾಹೇಬರು ಎಲ್ಲೆಲ್ಲಿಂದಲೋ ಕೆಂಪು, ನೀಲಿ, ಜೇನುಬಣ್ಣದ ಗಾಜಿನ ಚೂರುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ತಂದರು. ಆಪಾ ವರಾಂಡದಲ್ಲಿ ಕೂತು ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದರು. ಚಿತ್ರ ಕಲಿಸಿದ ಕಣ್ಣುಗಳು, ಅವಸರವೇ ಇಲ್ಲ. ಎಲ್ಲ ನೋಡಿಯಾದ ಮೇಲೆ ಎಲ್ಲವನ್ನೂ ಮತ್ತೆ ಸೀರೆಯಲ್ಲಿ ಸುತ್ತಿದರು.

"ಬರೀ ಗಾಜು ಹಾಕ್ಸಿ. ಬಣ್ಣ ಬೇಡ."

"ಅಲ್ಲ, ಇಷ್ಟು ಹುಡುಕಿ ತಂದಿದೀನಲ್ಲ," ಎಂದರು ಸಾಹೇಬರು.

"ಇವೆಲ್ಲ ಬೇರೆ ಮನೇವು. ಒಡೆದಿದ್ದು ಒಡೆದಿತ್ತು ಅಂತ ಗೊತ್ತಾಗ್ಲಿ. ಅದ್ರಲ್ಲಿ ಆಕಾಶ ಆದ್ರೂ ಕಾಣ್ಸುತ್ತೆ."

ಹಾಗೆಯೇ ಹಾಕಿಸಿದರು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನೆಲದ ಮೇಲೆ ಕೆಂಪು ನೀಲಿಗಳ ನಡುವೆ ಬಿಳಿಯ ಒಂದು ಬಿಲ್ಲೆ ಬೀಳುತ್ತದೆ. ಬಣ್ಣಗಳು ಒಂದೊಂದಾಗಿ ಕಾಣದಾದ ಮೇಲೂ ಆ ಬಿಳಿ ಬಿಲ್ಲೆ ಅವರಿಗೆ ಬಹುಕಾಲ ಕಾಣುತ್ತಿತ್ತು. ಅದರಲ್ಲಿ ಪಾದ ಇಟ್ಟುಕೊಂಡು ಕೂತು ಬಟಾಣಿ ಬಿಡಿಸುತ್ತಿದ್ದರು.

ಅವರನ್ನು ಬರೀ ಹೊಗಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಆಪಾರ ಜೊತೆ ಬದುಕುವುದು ಸುಲಭವಿರಲಿಲ್ಲ. ಕುರ್ಚಿಯನ್ನು ಎಳೆದು ಎಳೆದಲ್ಲೇ ಬಿಟ್ಟರೆ ಗದರಿಬಿಡುತ್ತಿದ್ದರು, ಬಂದವರು ನೆಂಟರೇ ಆಗಲಿ. ಕಾನ್ವೆಂಟಿನ ಸಿಸ್ಟರುಗಳು ಕುರ್ಚಿಯನ್ನು ಸದ್ದಿಲ್ಲದೆ ಎತ್ತಿಡಲು ನನಗೆ ಕಲಿಸಿದ್ದರಿಂದ ನಾನು ಬಚಾವಾದೆ. ಕೋಲು ಹಿಡಿಯಿರಿ ಎಂದರೆ ದಿನಪೂರ್ತಿ ಮಾತು ಬಿಡುತ್ತಿದ್ದರು. ಮತ್ತೆ, ಅವರು ನನ್ನ ಮನೆಗೆ ಒಂದು ಸಲವೂ ಬರಲಿಲ್ಲ. ನವರಾತ್ರಿಯ ಗೊಂಬೆಗೆ ಕರೆದೆ, ನನ್ನ ಮಗಳ ಹುಟ್ಟುಹಬ್ಬಕ್ಕೆ ಕರೆದೆ. "ನಿನ್ ಮನೇಲಿ ನಾನು ಕುರುಡಿ ಆಗ್ಬಿಡ್ತೀನಿ ಕಣಮ್ಮ. ನೀನೇ ಬಾ" ಎನ್ನುತ್ತಿದ್ದರು. ಅರ್ಥವಾಗುತ್ತಿತ್ತು. ಆದರೂ ಬೇಜಾರಾಗುತ್ತಿತ್ತು.

ಈಗ ಮೆಟ್ಟಿಲ ವಿಷಯಕ್ಕೆ ಬರುತ್ತೇನೆ.

ಅಂಗಳದಿಂದ ವರಾಂಡಕ್ಕೆ ಮೂರು ಕಲ್ಲಿನ ಮೆಟ್ಟಿಲು. ನಡುವಿನದು ಎಷ್ಟು ಕಾಲದ ಕಾಲುಗಳಿಗೆ ಸವೆದಿತ್ತೋ, ಎಡಭಾಗದಲ್ಲಿ ತಟ್ಟೆಯಂಥ ಗುಳಿ ಬಿದ್ದಿತ್ತು. ಮಳೆ ಬಂದರೆ ಅದರಲ್ಲಿ ನೀರು ನಿಂತು ಗುಬ್ಬಿಗಳು ಬರುತ್ತಿದ್ದವು. ಆಪಾ ಕೋಲಾರಕ್ಕೆ ಮಗಳ ಮನೆಗೆ ಹೋಗಿದ್ದರು. ಒಬ್ಬಳೇ ಮಗಳು, ಅಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಆಪಾ ಬರುವಷ್ಟರಲ್ಲಿ ಏನಾದರೂ ಖುಷಿಯಾಗುವಂಥದು ಮಾಡಿಡೋಣ ಎಂದು ಸಾಹೇಬರಿಗೆ ಅನ್ನಿಸಿತು. ಮೂರೂ ಚಪ್ಪಡಿಗಳನ್ನು ಎಬ್ಬಿಸಿ, ಮಗುಚಿ, ಸವೆಯದ ಅಡಿಭಾಗ ಮೇಲೆ ಬರುವಂತೆ ಹಾಕಿಸಿದರು. ಅವರ ಕಸುಬಿನಲ್ಲಿ ಅದು ದಿನನಿತ್ಯದ ಕೆಲಸ. ಹಳೆಯ ಕಲ್ಲು ಮಾರುವಾಗ ಹಾಗೆಯೇ ಮಾಡುತ್ತಾರಂತೆ. ಕಲ್ಲು ಅದೇ, ಮುಖ ಮಾತ್ರ ಹೊಸದು.

ಆಪಾ ಹಿಂದಿರುಗಿದ್ದು ಸಂಜೆ. ಕಾರು ಹಿತ್ತಲ ಬಾಗಿಲಿಗೇ ಬಂತು. ಹಾಗಾಗಿ ಮೆಟ್ಟಿಲು ಅವರ ಕಾಲಿಗೆ ಸಿಗಲಿಲ್ಲ. ಸಾಹೇಬರು ಬೆಳಿಗ್ಗೆ ತೋರಿಸೋಣವೆಂದು ಸುಮ್ಮನಿದ್ದರು. ಬೆಳಿಗ್ಗೆ ಅವರು ಏಳುವ ಮೊದಲೇ ಆಪಾ ಗೇಟಿನ ಹತ್ತಿರ ಹಾಲು ತರಲು ಹೊರಟರು. ಕಾಲು ಗುಳಿ ಹುಡುಕಿತು. ಸಿಗಲಿಲ್ಲ. ಹಾಗಾದರೆ ನಾನಿನ್ನೂ ಮೇಲಿನ ಮೆಟ್ಟಿಲಲ್ಲೇ ಇದ್ದೇನೆ ಎಂದುಕೊಂಡು ಮೆಟ್ಟಿಲು ಮುಗಿದ ಮೇಲೂ ಇನ್ನೊಂದಿದೆಯೆಂದು ಕಾಲು ಚಾಚಿ ಬಿದ್ದರು.

ಬಲಗೈ ಮಣಿಕಟ್ಟು ಮುರಿದಿತ್ತು. ನಾನು ಆಸ್ಪತ್ರೆಗೆ ಹೋದಾಗ ಸಾಹೇಬರು ಹೊರಗೆ ಬೆಂಚಿನ ಮೇಲೆ ಕೂತು ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು. ಒಳಗೆ ಆಪಾ ಅವರ ಪರವಾಗಿ ನನ್ನೆದುರೇ ತೀರ್ಪು ಕೊಟ್ಟರು.

"ಅಷ್ಟ್ ವರ್ಷ ಊರೋರ್ ಮನೆಯೆಲ್ಲಾ ಒಡೆದ್ರು. ನಂದು ಒಂದ್ ಕೈ ತಾನೇ ಒಡೆದಿದ್ದು. ಹೋಗ್ಲಿ ಬಿಡು, ಚಾ ಕುಡ್ದ್ರಾ ಕೇಳು."

ಆದರೆ ಮಗಳು ಅಷ್ಟಕ್ಕೆ ಬಿಡಲಿಲ್ಲ. ಕೋಲಾರದಿಂದ ಬಂದವಳೇ ಬಟ್ಟೆ ಜೋಡಿಸಲು ಶುರುಮಾಡಿದಳು. ಮನೆಯೊಳಗೆ ಅವರದು ದಖ್ಖನಿ ಮಾತು. ನಾನಿದ್ದರೆ ಮಾತ್ರ ಮೂವರೂ ಕನ್ನಡಕ್ಕೆ ಹೊರಳುತ್ತಿದ್ದರು. ಅಂದು ಜಗಳವೂ ಕನ್ನಡದಲ್ಲೇ ನಡೆಯಿತು.

"ಅಮ್ಮೀ, ನಮ್ ಫ್ಲಾಟಲ್ಲಿ ಹೊಸ್ತಿಲಿಲ್ಲ, ಮೆಟ್ಲಿಲ್ಲ, ಎಲ್ಲಾ ಒಂದೇ ಸಮ. ಎಲ್ಲೂ ಎಡವೋ ಮಾತೇ ಇಲ್ಲ."

"ಎಲ್ಲಾ ಒಂದೇ ಸಮ ಇದ್ರೆ ನಾನು ಎಲ್ಲಿದೀನಿ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕೇ?"

"ನಾನಿರ್ತೀನಲ್ಲ, ಕೈ ಹಿಡ್ಕೋತೀನಿ."

"ಅದೇ ಬೇಡ ಅಂದಿದ್ದು."

ಸಾಹೇಬರು ನಡುವೆ ಬಾಯಿ ಹಾಕಿ, ಬೇಕಾದರೆ ಹೊಸ್ತಿಲೆಲ್ಲ ಕೆತ್ತಿಸಿಬಿಡುತ್ತೇನೆ, ಉದ್ದಕ್ಕೂ ಕಂಬಿ ಹಾಕಿಸುತ್ತೇನೆ, ನೆಲಕ್ಕೆ ಟೈಲ್ಸ್ ಹಾಕಿಸುತ್ತೇನೆ ಎಂದರು. ಅಷ್ಟು ಪ್ರೀತಿಯಿಂದ ಎತ್ತಿ ನಿಲ್ಲಿಸಿದ ಮನೆಯನ್ನು ಅವರು ಒಂದೇ ಉಸಿರಿನಲ್ಲಿ ಕೆಡವಲು ಸಿದ್ಧರಾಗಿದ್ದರು. ಆಪಾ ಪಟ್ಟಿ ಕಟ್ಟಿದ ಕೈಯನ್ನು ಎತ್ತಿದರು.

"ಏನೂ ಬೇಡ. ನನ್ ಮೆಟ್ಲು ಮೊದ್ಲಿದ್ದಂಗೆ ಮಗುಚಿ ಹಾಕಿ. ಪಟ್ಟಿ ಬಿಚ್ಚಿದ ಮೇಲೆ ಒಂದಿನ ಬೀದಿಯೋರ್ನೆಲ್ಲಾ ಚಾಗೆ ಕರೀತೀನಿ. ನಾನೇ ಮಾಡ್ತೀನಿ, ನಾನೇ ಕೊಡ್ತೀನಿ. ಯಾರೂ ಎದ್ದು ಬರ್ಬಾರ್ದು. ಒಂದ್ ಕಪ್ ಚೆಲ್ಲಿದ್ರೂ ನಾನು ಕೋಲಾರಕ್ಕೆ ಬರ್ತೀನಿ."

ಮಗಳು ಲೆಕ್ಕದ ಟೀಚರ್. ಷರತ್ತು ಸ್ಪಷ್ಟವಾಗಿತ್ತು, ಒಪ್ಪಿದಳು.

ಆ ಭಾನುವಾರ ನಾವೆಲ್ಲ ಹಜಾರದಲ್ಲಿ ಹೆಣ್ಣು ನೋಡಲು ಬಂದವರಂತೆ ಕೂತಿದ್ದೆವು. ಆಪಾ ತಿಳಿಗುಲಾಬಿ ಸೀರೆಯುಟ್ಟು, ಎರಡು ಕೈಯಲ್ಲೂ ಬಳೆ ತೊಟ್ಟಿದ್ದರು. ಅಡುಗೆಮನೆಯಲ್ಲಿ ಏಲಕ್ಕಿ ಜಜ್ಜುವ ಸದ್ದು, ಹಾಲು ಉಕ್ಕುವ ಮೊದಲಿನ ಸುಯ್ಯುವಿಕೆ, ಗ್ಯಾಸ್ ಆರಿಸಿದ ಟಿಕ್. ಮಾತಿನ ಮಲ್ಲಿ ರತ್ನಮ್ಮನವರೂ ತೆಪ್ಪಗಿದ್ದರು. ಮಗಳು ಬಾಗಿಲಿಗೆದುರಾಗಿ, ಪರೀಕ್ಷೆ ಕಾಯುವವಳಂತೆ ಕೂತಿದ್ದಳು. ಸಾಹೇಬರು ಕೂರಲಾರದೆ ವರಾಂಡದಲ್ಲಿ ಓಡಾಡುತ್ತಿದ್ದರು.

ಆಪಾ ಟ್ರೇ ಹಿಡಿದು ಬಂದರು. ಹೆಬ್ಬೆರಳು ಗೆರೆಯ ಮೇಲೆ. ಊಟದ ಕೋಣೆಯ ಮೂಲೆಯಲ್ಲಿ ಮೊಣಕೈ ತರಿತರಿ ಗೋಡೆಯನ್ನು ಸವರಿತು, ತಿರುಗಿದರು. ಆಗ ನನ್ನ ಕಣ್ಣಿಗೆ ರತ್ನಮ್ಮನವರ ಬ್ಯಾಗು ಬಿತ್ತು. ದಪ್ಪ ಕಪ್ಪು ಬ್ಯಾಗು. ಅವರು ಅದನ್ನು ಕಾಲ ಬಳಿ ಇಟ್ಟುಕೊಂಡಿದ್ದರು, ಸರಿಯಾಗಿ ಗೆರೆಯ ಮೇಲೆ. ನಾನು ಏಳಲು ಹೊರಟೆ. ಮಗಳು ನನ್ನನ್ನು ನೋಡಿದಳು. ಯಾರೂ ಎದ್ದು ಬರಬಾರದು ಎಂದಿದ್ದರಲ್ಲ, ಅರ್ಧ ಎದ್ದವಳು ಹಾಗೆಯೇ ಕೂತೆ. ಕೂತು ಸೆರಗು ಹಿಂಡುತ್ತಿದ್ದೆ.

ಆಪಾರ ಕಾಲ್ಬೆರಳ ತುದಿ ಬ್ಯಾಗಿಗೆ ತಾಗಿತು. ನಿಂತರು. ಟ್ರೇಯಲ್ಲಿ ಕಪ್ಪುಗಳು ಸಣ್ಣಗೆ ಕಿಣಿಗುಟ್ಟಿ ಸುಮ್ಮನಾದವು. ಇನ್ನೊಂದು ಕಾಲಿನಿಂದ ಬ್ಯಾಗಿನ ಉದ್ದಗಲ ತಿಳಿದುಕೊಂಡರು.

"ಯಾರೋ ಹೊಸ್ಬರು ಬಂದವ್ರೆ. ಮೆತ್ತಗವ್ರೆ, ಮಾತಾಡ್ತಿಲ್ಲ. ರತ್ನಮ್ಮ, ನಿನ್ ಕಡೆಯೋರಾ?"

ರತ್ನಮ್ಮ ನಾಲಿಗೆ ಕಚ್ಚಿಕೊಂಡರು. ನಮಗೆಲ್ಲ ನಗು ಕಿತ್ತುಕೊಂಡು ಬಂತು. ಆಪಾ ಬ್ಯಾಗನ್ನು ಬಳಸಿ ಮತ್ತೆ ಗೆರೆ ಹಿಡಿದು ಬಂದು, ಮೊದಲ ಕಪ್ಪನ್ನು ಮಗಳ ಮುಂದೆ ಹಿಡಿದರು. ಅವಳು ಒಂದು ಗುಟುಕು ಕುಡಿದಳು. ಟ್ರೇಯನ್ನು ನೋಡಿದಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ಸಕ್ರೆ ಕಮ್ಮಿ, ಅಮ್ಮೀ," ಎಂದಳು.

"ನಿಂಗೆ ಯಾವಾಗ್ಲೂ ಕಮ್ಮಿನೇ. ಅಡ್ಗೆಮನೇಲಿ ಡಬ್ಬಿ ಇದೆ, ಹೋಗಿ ಹಾಕ್ಕೋ. ಕಣ್ಣು ಬಿಟ್ಕೊಂಡ್ ಹೋಗು."

ಮಾರನೆಯ ದಿನ ಮಗಳು ಒಬ್ಬಳೇ ಕೋಲಾರಕ್ಕೆ ಹೋದಳು. ಸಾಹೇಬರು ಬಸ್ಸು ಹತ್ತಿಸಿ ಬಂದು, ನಡುವಿನ ಮೆಟ್ಟಿಲ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಗುಳಿಯೊಳಗೆ ಸೇರಿದ್ದ ಮಣ್ಣನ್ನು ಕರವಸ್ತ್ರದಿಂದ ಒರೆಸುತ್ತಿದ್ದುದನ್ನು ಗೇಟಿನಿಂದ ನೋಡಿ, ಒಳಗೆ ಹೋಗದೆ ಹಿಂದಿರುಗಿದೆ.

ಆಮೇಲೆ ಆ ಬಿಳಿ ಬಿಲ್ಲೆಯೂ ಆಪಾರಿಗೆ ಕಾಣದಾಯಿತು. ಆದರೆ ಅದರ ಬಿಸುಪು ಪಾದಕ್ಕೆ ತಿಳಿಯುತ್ತಿತ್ತು. ಬಂಗಲೆ ನೋಡಲು ಬೆಂಗಳೂರಿನಿಂದ ಬಂದವರಿಗೆ ಅವರೇ ಮುಂದೆ ನಡೆದು ಎಲ್ಲ ತೋರಿಸುತ್ತಿದ್ದರು. ಮಂಕಿಟಾಪ್, ಪಿಂಗಾಣಿ ಗುಂಡು, ತೇಗದ ತೊಲೆ. ಎಷ್ಟೋ ಜನ ತಮಗೆ ಮನೆ ತೋರಿಸಿದವರಿಗೆ ಕಣ್ಣು ಕಾಣದೆಂದು ತಿಳಿಯದೆಯೇ ಥ್ಯಾಂಕ್ಸ್ ಹೇಳಿ ಹೋದರು. ಒಬ್ಬಾಕೆ ಬಣ್ಣದ ಗಾಜಿನ ನಡುವೆ ಬರೀ ಗಾಜು ಯಾಕೆ, ಅದನ್ನೂ ಬದಲಾಯಿಸಬಹುದಿತ್ತಲ್ಲ ಎಂದು ಕೇಳಿದಳು. "ಅದ್ರಲ್ಲಿ ಈಗ ಏನ್ ಕಾಣುತ್ತೆ ನೋಡಿ ಹೇಳಮ್ಮಾ" ಎಂದರು ಆಪಾ. ಹುಣಸೆ ಮರದ ತುದಿ ಕಾಣುತ್ತದೆ ಎಂದಳು ಆಕೆ. "ಚಿಗುರಿದೆಯಾ?" "ಚಿಗುರಿದೆ." ಆಪಾರ ಮುಖ ಬೆಳಗಿತು.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಬೀದಿಯವರೆಲ್ಲ ಹೋಗಿದ್ದೆವು. ಹಜಾರ ತುಂಬಿತ್ತು. ಮಧ್ಯಾಹ್ನ ಒಂದು ಅಡ್ಡಮಳೆ ಬಂದು ನಿಂತಿತ್ತು. ಸಂಜೆ ಮಬ್ಬಾಗುವ ಹೊತ್ತಿಗೆ ಕರೆಂಟು ಹೋಯಿತು. ಒಲೆಯ ಮೇಲೆ ಚಹಾ ಇಟ್ಟಿದ್ದು ನಾನು. ಮಗಳು ಮೇಣದಬತ್ತಿ ಎಲ್ಲಿದೆಯೆಂದು ತಡಕಾಡುತ್ತಿದ್ದಳು. ಯಾರೋ ಕುರ್ಚಿಗೆ ಎಡವಿ ಅಯ್ಯೋ ಎಂದರು. ನಾನು ಎದ್ದೆ. ಫೋನು ಬ್ಯಾಗಿನಲ್ಲಿತ್ತು, ಬ್ಯಾಗು ಎಲ್ಲಿತ್ತೋ. ಹಜಾರದ ಅಂಚಿಗೆ ಸರಿದು ಕಾಲಾಡಿಸಿದೆ. ಹೆಬ್ಬೆರಳಿಗೆ ಗೆರೆ ಸಿಕ್ಕಿತು. ಎಣಿಸಲಿಲ್ಲ. ಅಗ್ಗಿಷ್ಟಿಕೆಯ ಹತ್ತಿರ ಬೆಕ್ಕು ಮಿಸುಕಿತು, ಸುತ್ತಿ ಹೋದೆ. ತರಿತರಿ ಗೋಡೆ ಮೊಣಕೈಗೆ ತಾಗಿತು. ನುಲಿದ ಹಗ್ಗದಂಥ ಹಿತ್ತಾಳೆ ಕೈಗೆ ಬಂತು.

ಚಹಾ ಸೋಸಿ ಟ್ರೇ ಹಿಡಿದು ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದೆ. ಕಪ್ಪುಗಳು ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಮೂಲೆಯಲ್ಲಿ ಕೂತಿದ್ದ ಸಾಹೇಬರ ದನಿ ಕೇಳಿತು.

"ಯಾರದು?"

"ನಾನು ಸಾಹೇಬ್ರೇ. ಚಾ ತಂದೆ."

ಅಷ್ಟರಲ್ಲಿ ಯಾರೋ ನನಗೆ ದಾರಿ ಕಾಣಲೆಂದು ಫೋನಿನ ಟಾರ್ಚು ಹಾಕಿದರು.

"ಅದನ್ನ ಆರ್ಸಿ," ಎಂದರು ಸಾಹೇಬರು, ಮೆಲ್ಲಗೆ. "ಅವ್ರು ಗೆರೆ ಹಿಡ್ದು ಬರ್ತಾರೆ."

ಬೆಳಕು ಆರಿತು. ನಾನು ಹೆಬ್ಬೆರಳನ್ನು ಗೆರೆಯ ಮೇಲೆ ಸರಿಮಾಡಿಕೊಂಡು ಅವರ ಕಡೆಗೆ ನಡೆದೆ.